ಕಾಲೊನಿ ಕ್ಯಾನು

"ಯಾವ ಬೋಳಿಮಗ ಲೇ ಹಾಲಿಗೆ ಕೊಳಕು ಸೇರಿಸಿದ್ದು?"

ಡೈರಿ ಸೆಕ್ರೆಟರಿ ಹರಿಪ್ರಸಾದ್ ಮೆಟ್ಟಿಲ ಮೇಲೆ ನಿಂತು, ಬೇವಿನ ಮರದಡಿ ಬೇರೆಯಾಗಿ ನಿಂತಿದ್ದ ಊರಾಚೆಯ ಕಾಲೊನಿಯವರತ್ತ ಕೂಗಿದ. ನಂದಗುಡಿ ಕಡೆಯ ಆ ಊರಿನ ಡೈರಿಯಲ್ಲಿ ಊರವರ ಹಾಲಿಗೆ ದೊಡ್ಡ ಕ್ಯಾನು, ಕಾಲೊನಿಯವರ ಹಾಲಿಗೆ ಕತ್ತಿಗೆ ಕೆಂಪು ಬಣ್ಣ ಬಳಿದ ಸಣ್ಣ ಕ್ಯಾನು. ಹಾಗಂತ ಯಾವ ಬೋರ್ಡಿನಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ನಿನ್ನೆ ದೊಡ್ಡ ಕ್ಯಾನಿನ ಹಾಲು ಒಡೆದು ಶೀತಲ ಕೇಂದ್ರದಿಂದ ವಾಪಸ್ ಬಂದಿತ್ತು.

ದೊಡ್ಡಮುನಿಯಪ್ಪನ ಕೈಗಳು ತಾವಾಗಿಯೇ ಮುಗಿದುಕೊಂಡವು. "ತಪ್ಪಾಯ್ತು ಸಾಮಿ," ಅಂದ.

ಏನು ತಪ್ಪು ಅಂತ ಅವನು ಯೋಚಿಸಿರಲಿಲ್ಲ. ಹರಿಪ್ರಸಾದನ ಅಪ್ಪನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ಬೆಳೆದವನು. ದೊಡ್ಡವರ ದನಿ ಏರಿದರೆ ಮೊದಲು ತಪ್ಪಾಯ್ತು ಅನ್ನಬೇಕು, ಏಟು ಕಮ್ಮಿಯಾಗುತ್ತದೆ. ಅಷ್ಟು ಗೊತ್ತಿತ್ತು.

ಹರಿಪ್ರಸಾದ್ ಊರವರ ಸಾಲಿನತ್ತ ತಿರುಗಿದ. "ಕೇಳಿಸ್ಕೊಂಡ್ರಾ? ಅವನ್ ಬಾಯಲ್ಲೇ ಬಂತು. ತಪ್ಪು ಮಾಡ್ದೇ ಇದ್ರೆ ತಪ್ಪಾಯ್ತು ಅಂತಾನಾ ಯಾರಾದ್ರೂ? ಇವತ್ತಿಂದ ಕಾಲೊನಿ ಹಾಲು ಬಂದ್!"

ಮರದಡಿ ಗುಜುಗುಜು ಎದ್ದಿತು. ಪಕ್ಕದ ಮನೆಯ ಲಕ್ಕಮ್ಮ ಮುನಿಯಪ್ಪನ ಪಕ್ಕೆಗೆ ತಿವಿದಳು. "ಅದೇನ್ ಬಾಯಿಲಾ ನಿಂದು, ತೂತ್ ಮಡಕೆನಾ? ನಾಳೆಯಿಂದ ನನ್ನೆಮ್ಮೆ ಆಲ್ನ ನಿನ್ ತಲೆ ಮ್ಯಾಲೆ ಉಯ್ಲಾ?"

ಅವನು ನೆಲ ನೋಡಿದ. ಇಡೀ ಕಾಲೊನಿಯ ಅನ್ನಕ್ಕೆ ತನ್ನ ಒಂದು ಮಾತು ಕಲ್ಲು ಹಾಕಿತ್ತು. ಕಿವಿ ಸುಡುತ್ತಿತ್ತು.

ಅವನ ಹೆಂಡತಿ ಮುನಿತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ಅಲ್ಲಾ ಸಾಮಿ, ನಾವು ಆಲು ಉಯ್ಯೋದು ಯಾವ್ ಕ್ಯಾನ್ಗೆ?"

"ನಿಮ್ ಕ್ಯಾನಿಗೆ."

"ಒಡ್ದಿದ್ದು ಯಾವ್ದು?"

ಹರಿಪ್ರಸಾದನ ಕಣ್ಣು ಪಕ್ಕದಲ್ಲಿದ್ದ ದೊಡ್ಡ ಕ್ಯಾನಿನತ್ತ ಹೋಯಿತು. ಊರವರ ಸಾಲಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮಾಗಿಸಿಕೊಂಡರು.

"ನಮ್ದು ನಿಮ್ ಕ್ಯಾನ್ಗೆ ಬಿದ್ದಿಲ್ಲ ಅಂದ್ರೆ, ನಿಮ್ದು ನಿಮ್ಮೋರಿಂದ್ಲೇ ಒಡ್ದೈತೆ. ಬಿದ್ದೈತೆ ಅಂದ್ರೆ, ನಮ್ಮಾಲ್ನ ನೀವೇ ಬೆರಸ್ಕಂಡಿದ್ದೀರಾ. ಅಂಗಾದ್ರೆ ನಮ್ಮನ್ ಈ ಮರದಡಿ ಯಾಕ್ ನಿಲ್ಸಿದ್ರಿ? ಎರಡ್ರಲ್ಲಿ ಒಂದ್ ಏಳಿ."

"ಬಾಯಿ ಜಾಸ್ತಿ ಆಯ್ತು ನಿಂದು! ಲೇ ಮುನಿಯಪ್ಪ, ಹೆಂಡ್ತಿ ಬಾಯಿ ಮುಚ್ಸೋ. ಗಂಡಸೇನೋ ನೀನು?"

"ಸುಮ್ಕಿರೇ," ಅಂದುಬಿಟ್ಟ ಮುನಿಯಪ್ಪ. ಅಂದಮೇಲೆ ಅವಳ ಮುಖ ನೋಡಲಾಗಲಿಲ್ಲ.

ಮುನಿತಾಯಮ್ಮ ಜಗಳಕ್ಕೆ ಬರಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು. "ಏನ್ ಮಾಡ್ದೆ ಅಂತ ತಪ್ಪಾಯ್ತು ಅಂದೆ? ನಂಗಾದ್ರೂ ಏಳು."

ಅವನು ಹುಡುಕಿದ. ಎಮ್ಮೆಯ ಕೆಚ್ಚಲು ತೊಳೆದಿದ್ದ. ಬಿಸಿನೀರಲ್ಲಿ ಕ್ಯಾನು ಉಜ್ಜಿದ್ದ. ಬಟ್ಟೆಯಲ್ಲಿ ಸೋಸಿದ್ದ. ನಿನ್ನೆಯಿಂದ ಮಾಡಿದ್ದನ್ನೆಲ್ಲ ತಡಕಾಡಿದರೂ ಒಂದೇ ಒಂದು ತಪ್ಪು ಸಿಕ್ಕಿತು. ಅದು ಈಗಷ್ಟೇ ಬಾಯಿಂದ ಬಿದ್ದದ್ದು. ಅದರ ಹಿಂದೆಯೇ ಬಿದ್ದ 'ಸುಮ್ಕಿರೇ' ಸೇರಿಸಿದರೆ ಎರಡು.

ಮನೆಯಿಂದ ಹಾಲು ತುಂಬಿ ತಂದಿದ್ದ ತನ್ನ ಕ್ಯಾನು ಎತ್ತಿಕೊಂಡು ನಡೆದ. ಕಾಲೊನಿಯವರು ಯಾರೂ ಹತ್ತದ ಮೆಟ್ಟಿಲು ಹತ್ತಿದ. ಹರಿಪ್ರಸಾದನ ಪಕ್ಕದಲ್ಲೇ ಬಗ್ಗಿ, ಇದ್ದ ಹಾಲನ್ನೆಲ್ಲ ದೊಡ್ಡ ಕ್ಯಾನಿಗೆ ಸುರಿದ.

"ಥೂ, ಥೂ!" ಊರವರ ಸಾಲು ಹಿಂದೆ ಸರಿಯಿತು.

"ಲೇ ಸೂಳೆಮಗನೆ!" ಹರಿಪ್ರಸಾದ್ ಕೈ ಎತ್ತಿದ. "ಕಾಲಿಗ್ ಬೀಳೋ! ತಪ್ಪಾಯ್ತು ಅನ್ನೋ!"

ಮುನಿಯಪ್ಪನ ಕೈಗಳು ಮತ್ತೆ ಮುಗಿಯಲು ಹೊರಟವು. ಖಾಲಿ ಕ್ಯಾನಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. 'ತಪ್ಪಾಯ್ತು' ನಾಲಿಗೆಯ ತುದಿಗೆ ಬಂದಿತ್ತು, ನುಂಗಿದ.

"ಯಾವ್ ತಪ್ಪು ಸಾಮಿ?"

ದನಿ ನಡುಗಿತು. ಅದಕ್ಕೂ ನಾಚಿಕೆಯಾಯಿತು. ಮತ್ತೆ ಕೇಳಿದ. "ಯಾವ್ದು ಅಂತ ಏಳಿ."

ಹಾಲಿನ ವ್ಯಾನು ಹಾರನ್ ಹೊಡೆಯುತ್ತ ಹಿಂದಕ್ಕೆ ಬಂದು ನಿಂತಿತು. ಡ್ರೈವರ್ ಕೆಳಗೆ ಹಾರಿದ. "ಏನ್ ಗುರು, ಎತ್ತೋಣ್ವಾ?"

ಕಾಲೊನಿ ಹಾಲು ಬಿದ್ದ ದೊಡ್ಡ ಕ್ಯಾನಿಗೆ ಊರವರ ಒಬ್ಬರ ಕೈಯೂ ಹೋಗಲಿಲ್ಲ. ಹರಿಪ್ರಸಾದ್ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಕ್ಯಾನಿನ ಬಾಯಲ್ಲಿ ನೊರೆ ಒಂದೊಂದೇ ಗುಳ್ಳೆಯಾಗಿ ಒಡೆಯುತ್ತಿತ್ತು.