ನಾಯ್ಕರ ಜೀಪು

ಗೋಣಿಚೀಲ ಹಾಸಿಕೊಂಡು ಜೀಪಿನ ಚಾಸಿಯಡಿಯಲ್ಲಿ ಅಂಗಾತ ಮಲಗಿ ಕೆಂಪು ಬಣ್ಣ ಬಳಿಯುತ್ತಿದ್ದ ಗಂಗೂಳ ಕೈ ಹಿಂದಿನ ಎಡ ಚಕ್ರದ ಹತ್ತಿರ ಬಂದು ನಿಂತಿತು. ಹಳೆಯ ಕಬ್ಬಿಣಕ್ಕೆ ಹೊಸ ತುಂಡು ಸೇರಿಸಿದ ಜಾಗ ಅದು. ಬೆಸುಗೆ ದಪ್ಪಗೆ, ಒತ್ತೊತ್ತಾಗಿ, ಪುಂಡಲೀಕನ ಕೈ ಎಂದು ಯಾರಾದರೂ ಹೇಳುವ ಹಾಗೇ ಇತ್ತು. ಆದರೆ ಅರ್ಧದವರೆಗೆ ಕೂಡಿಕೆಯನ್ನು ಹಿಡಿದು ಬಂದದ್ದು ಆಮೇಲೆ ಪಕ್ಕಕ್ಕೆ ಸರಿದು ಬರೀ ಕಬ್ಬಿಣದ ಮೇಲೆ ಹರಿದುಹೋಗಿತ್ತು. ಕೂಡಿಕೆ ಬಾಯಿ ತೆರೆದೇ ಇತ್ತು.

"ಮುಗೀತಾ?" ಎಂದು ಹೊರಗೆ ಸ್ಟೂಲಿನ ಮೇಲೆ ಕೂತ ಗಂಡ ಪುಂಡಲೀಕ ಕೇಳಿದ.

ಬೆಳಗಿನಿಂದ ಶಾಲೆಯಲ್ಲಿ ಬಿಸಿಯೂಟದ ಹಂಡೆ ಎತ್ತಿ ಇಳಿಸಿ ಅವಳ ರಟ್ಟೆ ಬಿದ್ದುಹೋಗಿತ್ತು. ಮುಗಿಯಿತು ಎಂದು ಹೇಳಿ, ಬ್ರಶ್ಶನ್ನು ಡಬ್ಬಿಯಲ್ಲಿ ಅದ್ದಿ ಆ ಜಾಗಕ್ಕೂ ಬಣ್ಣ ಬಳಿದು ಹೊರಗೆ ಬಂದಳು.

ಕೋಡಿಬಾಗದಲ್ಲಿ, ಹೆದ್ದಾರಿಯಿಂದ ಕಾಳಿ ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಪುಂಡಲೀಕನ ಶೆಡ್ಡು. ಗಾಡಿಗಳ ಮೈ ರಿಪೇರಿಯಲ್ಲಿ ಅವನಿಗೆ ಹೆಸರಿತ್ತು. ಉಪ್ಪುಗಾಳಿ ತಿಂದ ತಗಡನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಬಡಿದು ಕೂಡಿಸಿದನೆಂದರೆ ಎಲ್ಲಿ ಹಳತು ಮುಗಿಯಿತು, ಎಲ್ಲಿ ಹೊಸದು ಶುರುವಾಯಿತು ಎಂದು ಹೇಳಲು ಬರುತ್ತಿರಲಿಲ್ಲ. ಆದರೆ ಎರಡು ವರ್ಷದಿಂದ ಅವನ ಕಣ್ಣು ಸೋಲುತ್ತಿತ್ತು. ನರ ಒಣಗುತ್ತಿದೆ, ಆಪರೇಶನ್ನಿನಿಂದ ಸರಿಹೋಗುವಂಥದ್ದಲ್ಲ, ಹನಿ ಹಾಕುತ್ತಿದ್ದರೆ ಉಳಿದದ್ದಾದರೂ ಉಳಿದೀತು ಎಂದು ಡಾಕ್ಟರು ಹೇಳಿದ್ದರು. ಆ ಮಾತು ಗಂಡಹೆಂಡಿರ ನಡುವೆಯೇ ಉಳಿಯಿತು. ಗಂಗೂ ಸಂಜೆ ಶೆಡ್ಡಿಗೆ ಬಂದು ಮೊದಮೊದಲು ಸಾಮಾನು ಎತ್ತಿ ಕೊಡುತ್ತಿದ್ದಳು. ಬರಬರುತ್ತ ಸೀಮೆಸುಣ್ಣದ ಗೆರೆ ಎಲ್ಲಿದೆ, ಮೊಳೆ ಎಲ್ಲಿ ಬಿತ್ತು, ಬಂದವರು ಯಾರು ಎಂದು ಮೆಲ್ಲಗೆ ಹೇಳುವುದೂ ಅವಳ ಕೆಲಸವಾಯಿತು. ಗಿರಾಕಿಗಳು ಬಂದಾಗ ಅವನು ನಡೆದಾಡುತ್ತಲೇ ಇರಲಿಲ್ಲ. ಕೂತಲ್ಲೇ ಕೂತು ಮಾತಾಡುತ್ತಿದ್ದ. ವಯಸ್ಸಾಯಿತು, ಗತ್ತು ಬಂತು ಎಂದುಕೊಂಡರು ಜನ.

ಜೀಪು ಕಿನ್ನರದ ದೇವಿದಾಸ ನಾಯ್ಕರದು. ಅವರ ತಂದೆ ಕದ್ರಾ ಅಣೆಕಟ್ಟಿನ ಕೆಲಸ ನಡೆದಾಗ ಓಡಿಸುತ್ತಿದ್ದ ಹಳೇ ವಿಲ್ಲೀಸ್. ತಂದೆ ತೀರಿದ ಮೇಲೆ ಕೊಟ್ಟಿಗೆಯ ಪಕ್ಕ ನಿಂತದ್ದು ನಿಂತೇ ಇತ್ತು. ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಡುತ್ತಿದ್ದವು. ಬ್ಯಾಂಕಿನಿಂದ ನಿವೃತ್ತರಾದ ನಾಯ್ಕರಿಗೆ ಒಮ್ಮೆಲೇ ಅದರ ಮೇಲೆ ಮನಸ್ಸು ಬಂತು. ಟೆಂಪೋದ ಮೇಲೆ ಹೇರಿಸಿ ತಂದು ಪುಂಡಲೀಕನ ಮುಂದೆ ಇಳಿಸಿದ್ದರು. ನೀನಲ್ಲದೆ ಬೇರೆ ಯಾರ ಕೈಗೂ ಇದನ್ನು ಕೊಡುವವನಲ್ಲ ಎಂದಿದ್ದರು. ಬೇಡ ಅನ್ನುವುದಕ್ಕೆ ಪುಂಡಲೀಕನಿಗೆ ಬಾಯಿ ಬರಲಿಲ್ಲ. ಮೈ ಬಿಚ್ಚಿ ನೋಡಿದರೆ ಚಾಸಿಯ ಹಿಂಭಾಗ ಪೂರಾ ಹಪ್ಪಳದ ಹಾಗಾಗಿತ್ತು. ಮಳೆಗಾಲದುದ್ದಕ್ಕೂ ಅದೇ ಕೆಲಸ.

ಮಾರನೆಯ ದಿನ ಭಾನುವಾರ ನಾಯ್ಕರು ಬಂದರು. ಕೆಂಪಾಗಿ ಹೊಳೆಯುವ ಚಾಸಿಯನ್ನು ನೋಡಿ ಅವರ ಮುಖ ಅರಳಿತು. ಬಗ್ಗಿ ಅದನ್ನು ಸವರಿದರು. ದೀಪಾವಳಿಗೆ ಮಗಳು ಬರುತ್ತಾಳೆ, ಹೆಂಡತಿಯನ್ನೂ ಮೊಮ್ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಅಣಶಿ ಘಾಟಿ ಹತ್ತಿ ಉಳವಿಗೆ ಹೋಗಿಬರುವುದು ಎಂದು ಹೇಳಿದರು. ಹಿಂದಿನ ಸೀಟು ಎದುರುಬದುರಾಗಿ ಇರಲಿ, ಮಕ್ಕಳಿಗೆ ಕಾಡು ಕಾಣಬೇಕು ಎಂದರು. ಪುಂಡಲೀಕ ನಗುತ್ತ ಹೂಂಗುಟ್ಟಿದ. ಚಹಾ ತಂದುಕೊಟ್ಟ ಗಂಗೂ ಆ ಕೂಡಿಕೆಯ ಕಡೆ ನೋಡಿದಳು.

ನಾಯ್ಕರ ಸ್ಕೂಟರು ಓಣಿ ದಾಟಿದ ಮೇಲೆ ಅವಳು ಗಂಡನ ಮುಂದೆ ಬಂದು ನಿಂತಳು. ಹಿಂದಿನ ಎಡಗಡೆಯ ಕೂಡಿಕೆ ಹಿಡಿದಿಲ್ಲ ಎಂದಳು.

"ನಿಂಗೆ ಯಾವಾಗಿಂದ ಬೆಸುಗೆ ಗೊತ್ತಾಗೂಕೆ ಶುರುವಾಯ್ತು?"

"ಬೆಸುಗೆ ಗೊತ್ತಿಲ್ಲ. ನಂಗೆ ಕಣ್ಣು ಕಾಣ್ತದೆ."

ಇಷ್ಟು ದಿನ ಇಬ್ಬರೂ ಆ ಮಾತನ್ನು ಹೀಗೆ ಬಾಯಿಬಿಟ್ಟು ಆಡಿರಲಿಲ್ಲ. ಪುಂಡಲೀಕ ಸ್ಟೂಲಿನಿಂದ ಎದ್ದು ಚಾಸಿಯ ಪಟ್ಟಿ ಹಿಡಿದುಕೊಂಡೇ ಹಿಂದಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ. ಅವಳು ಆ ತೋರುಬೆರಳನ್ನು ಹಿಡಿದು ಕೂಡಿಕೆಯ ಮೇಲಿಟ್ಟಳು. ಅವನು ಉಗುರಿನಿಂದ ಬಣ್ಣ ಕೆರೆದ. ಉಗುರು ಸಂದಿಗೆ ಇಳಿಯಿತು. ಅಲ್ಲಿಂದ ಬೆಸುಗೆಯ ದಿಂಡನ್ನು ಹುಡುಕಿಕೊಂಡು ಬೆರಳು ಪಕ್ಕಕ್ಕೆ ಹೋಯಿತು, ಮತ್ತೆ ಸಂದಿಗೆ ಬಂತು, ಮತ್ತೆ ಹೋಯಿತು.

"ಬಾಕಿದ್ದು?" ಎಂದ.

ಅವಳು ಬ್ಯಾಟರಿ ಹಿಡಿದು ಅಡಿಗೆ ನುಸುಳಿ ಒಂದೊಂದು ಕೂಡಿಕೆಯನ್ನೂ ನೋಡಿದಳು. ಮುಂದಿನ ಕಡೆಯವು ಚೌತಿಗಿಂತ ಮೊದಲು ಹಾಕಿದ್ದು, ಕೂದಲೆಳೆಯಷ್ಟೂ ಕದಲಿರಲಿಲ್ಲ. ಚೌತಿ ಕಳೆದ ಮೇಲೆ ಹಾಕಿದ ಹಿಂದಿನ ಎರಡೂ ತಪ್ಪಿದ್ದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪುಂಡಲೀಕ ಕೂತಲ್ಲಿಂದ ಏಳಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. ಹೊತ್ತು ಇಳಿದ ಮೇಲೆ, ಅಂಕೋಲೆಗೆ ಹೋಗಿ ಬಾಬುವನ್ನು ಕರೆದು ಬಾ ಎಂದ.

ಬಾಬು ಒಂದು ಕಾಲಕ್ಕೆ ಇದೇ ಶೆಡ್ಡಿನಲ್ಲಿ ಪುಂಡಲೀಕನ ಕೆಳಗೆ ಕೆಲಸ ಕಲಿತವನು. ಮುಖಕ್ಕೆ ಮುಖ ಕೊಟ್ಟು ಹೇಳದೆ ಅಂಕೋಲೆಯಲ್ಲಿ ಸ್ವಂತ ಶೆಡ್ಡು ಹಾಕಿದ್ದ. ಕೆಲವು ಗಿರಾಕಿಗಳೂ ಅವನ ಹಿಂದೆ ಹೋದರು. ಅಂದಿನಿಂದ ಪುಂಡಲೀಕ ಅವನ ಹೆಸರೆತ್ತಿರಲಿಲ್ಲ. ಅವನ ಮದುವೆಯ ಕರೆಯೋಲೆ ಬಂದಾಗ ಅದನ್ನು ತಗಡಿನ ಅಳತೆ ಬರೆಯುವುದಕ್ಕೆ ಬಳಸಿದ್ದ.

ಸೋಮವಾರ ಶಾಲೆಯ ಕೆಲಸ ಮುಗಿಸಿ ಗಂಗೂ ಬಸ್ಸು ಹತ್ತಿದಳು. ನೌಕಾನೆಲೆಯ ಉದ್ದನೆಯ ಗೋಡೆ ಕಿಟಕಿಯ ಪಕ್ಕ ಓಡುತ್ತಿದ್ದಾಗಲೇ ಕಣ್ಣು ಮುಚ್ಚಿಹೋಯಿತು. ಅವರ್ಸಾ ದಾಟಿದ ಮೇಲೆ ಎಚ್ಚರವಾಯಿತು. ಬಾಬುವಿನ ಶೆಡ್ಡು ದೊಡ್ಡದಿತ್ತು. ಅವಳನ್ನು ಕಂಡು ಅವನು ಕಪ್ಪು ಕನ್ನಡಕ ಹಣೆಗೇರಿಸಿ, ಕೈ ಒರೆಸಿಕೊಂಡು ಎದ್ದ. ಅವಳು ಕಣ್ಣಿನ ವಿಷಯ ಹೇಳಿದಳು, ಚಾಸಿಯ ವಿಷಯ ಹೇಳಿದಳು. ಬೇರೆಯವರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು. ಬಾಬು ತಲೆ ತಗ್ಗಿಸಿ ಕೇಳಿದ.

"ಮೇಸ್ತ್ರಿಯೇ ಕಳಿಸಿದ್ರಾ ವೈನಿ, ನೀವೇ ಬಂದದ್ದಾ?"

"ಅವರೇ ಕಳಿಸ್ದದ್ದು."

ಬಾಬು ನಾಳೆಯೇ ಬರುವುದಾಗಿ ಹೇಳಿ, ಅವಳಿಗೆ ಹೋಟೆಲಿನಿಂದ ಚಹಾ ತರಿಸಿದ.

ಬಾಬು ಬರುವ ಮುಂಚೆಯೇ ನಾಯ್ಕರಿಗೆ ಹೇಳಬೇಕು, ಅದೂ ತಾನೇ ಹೇಳಬೇಕು ಎಂದು ಪುಂಡಲೀಕ ಹಟ ಹಿಡಿದ. ಮಂಗಳವಾರ ಗಂಗೂಳಿಗೂ ಶಾಲೆಗೆ ರಜೆ ಹಾಕಿಸಿ, ಬೆಳಿಗ್ಗೆಯೇ ಫೋನು ಮಾಡಿ ಅವರನ್ನು ಕರೆಸಿದ. ಚಾಸಿಯ ಹತ್ತಿರ ಕರೆದುಕೊಂಡು ಹೋಗಿ, ಆ ಜಾಗದ ಮೇಲೆ ತಾನೇ ಬೆರಳಿಟ್ಟು ತೋರಿಸಿದ. ಆಮೇಲೆ ಕಣ್ಣಿನ ಮಾತು ಹೇಳಿದ. ನಾಯ್ಕರು ಅವನ ಮುಖವನ್ನು, ತಾವು ಇಷ್ಟು ದಿನ ನೋಡಿಯೇ ಇರಲಿಲ್ಲವೇನೋ ಎಂಬಂತೆ ನೋಡಿದರು. ಅವರ ದನಿ ಏರಲಿಲ್ಲ.

"ಮೊಮ್ಮಕ್ಕಳ್ನ ಹಿಂದೆ ಕುಂಡ್ರಸ್ಕಂಡಿ ಹೋಗೂವನಿದ್ದೆ ಪುಂಡಲೀಕ. ಮೊದ್ಲೇ ಒಂದು ಮಾತು ಹೇಳುದಲ್ವಾ?"

ಕಣ್ಣಿನ ಮಾತು ಮೊದಲೇ ಹೇಳಿದ್ದರೆ ಜೀಪು ಇಲ್ಲಿಗೆ ಬರುತ್ತಿರಲಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ನಾಯ್ಕರು ಚಹಾ ಕುಡಿಯಲಿಲ್ಲ. ಬಾಬು ಬಂದ ಮೇಲೆ ಅವನೊಬ್ಬನ ಜೊತೆಗೇ ಮಾತಾಡಿ, ಗಾಡಿಯನ್ನು ಅಂಕೋಲೆಗೇ ಒಯ್ದು ಮುಗಿಸು ಎಂದು ಹೇಳಿ, ಸ್ಕೂಟರು ಹತ್ತಿದರು.

ಚಾಸಿಯನ್ನು ಟೆಂಪೋಕ್ಕೆ ಹತ್ತಿಸುವಾಗ ಪುಂಡಲೀಕ ದೂರದಲ್ಲೇ ನಿಂತಿದ್ದ. ಯಾರ ಕಾಲಿಗಾದರೂ ಅಡ್ಡ ಬಂದೇನು ಎಂಬ ಅಂಜಿಕೆ ಅವನ ನಿಲುವಿನಲ್ಲೇ ಕಾಣುತ್ತಿತ್ತು. ತೊಟ್ಟಿಯಂಥ ದೊಡ್ಡ ಮೈ ಏರಿತು, ಗಾಜಿನ ಚೌಕಟ್ಟು ಏರಿತು. ಮಾವಿನ ಮರಕ್ಕೆ ಒರಗಿಸಿಟ್ಟ ಎರಡು ಮಡ್‌ಗಾರ್ಡು ಮತ್ತು ಬಾನೆಟ್ಟು ಮಾತ್ರ ಉಳಿದವು. ಬಾಬು ಅವನ್ನು ಮುಟ್ಟಲಿಲ್ಲ. ಗಂಗೂ ನೆನಪು ಮಾಡಿದಳು.

ಅವನು ಹಗ್ಗ ಬಿಗಿಯುತ್ತಲೇ ಪುಂಡಲೀಕನ ಕಡೆ ತಿರುಗಿದ. "ಬೆಸುಗೆ ನಾ ಹಾಕ್ತೆ ಮೇಸ್ತ್ರಿ. ತಗಡು ಬಡಿಯೂಕೆ ನನ್ ಕೈಲಿ ಆಗೂದಿಲ್ಲ, ನಿಮ್ಗೇ ಗೊತ್ತದೆ. ಅದಿಲ್ಲೇ ಇರ್ಲಿ. ನಾಯ್ಕರಿಗೂ ಹೇಳೇನೆ."

"ನಾಯ್ಕರು ಎಂತಾ ಅಂದ್ರು?"

"ಎಂತದೂ ಅನ್ಲಿಲ್ಲ."

ಪುಂಡಲೀಕ ತಲೆಯಾಡಿಸಿದ. ಅದು ಒಪ್ಪಿಗೆಯೋ ಬರೀ ಕೇಳಿಸಿಕೊಂಡದ್ದೋ ಗಂಗೂಳಿಗೆ ತಿಳಿಯಲಿಲ್ಲ. ಟೆಂಪೋ ಹೋಯಿತು. ಶೆಡ್ಡಿನ ನಡುವೆ ಒಮ್ಮೆಲೇ ಬಯಲು ಬಿದ್ದಂತಾಯಿತು.

ಆ ದಿನ ಅವನು ಏನನ್ನೂ ಮುಟ್ಟಲಿಲ್ಲ, ಮರುದಿನವೂ ಮುಟ್ಟಲಿಲ್ಲ. ಗುರುವಾರ ಗಂಗೂ ಶಾಲೆಯಿಂದ ಬಂದಾಗ ಅವನು ನೆಲದ ಮೇಲೆ ಕಾಲು ಚಾಚಿ, ಒಂದು ಮಡ್‌ಗಾರ್ಡನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡು ಕೂತಿದ್ದ. ಎಡಗೈ ತಗಡಿನಡಿಯಲ್ಲಿ ಕಬ್ಬಿಣದ ಗಟ್ಟಿಯನ್ನು ಹಿಡಿದಿತ್ತು. ಬಲಗೈಯ ಸುತ್ತಿಗೆ ಮೆಲ್ಲಗೆ ತಟ್ಟುತ್ತಿತ್ತು. ತಟ್ಟಿ, ಕಿವಿ ಓರೆ ಮಾಡಿ ಕೇಳಿ, ಅಂಗೈಯಿಂದ ಸವರಿ, ಮತ್ತೆ ತಟ್ಟುತ್ತಿದ್ದ. ಅವನ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಅವಳು ಬಂದದ್ದು ಗೊತ್ತಾದರೂ ತಿರುಗಲಿಲ್ಲ, ಎಲ್ಲಿ ಏನಿದೆ ಎಂದೂ ಕೇಳಲಿಲ್ಲ.

ಗಂಗೂ ಚೀಲವನ್ನು ಬದಿಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ಅಲ್ಲೇ ಕೂತಳು. ಬಹಳ ದಿನಗಳ ಮೇಲೆ ಅವಳ ಕೈಗಳು ಸುಮ್ಮನೆ ಮಡಿಲಲ್ಲಿ ಬಿದ್ದಿದ್ದವು. ಅಷ್ಟರಲ್ಲಿ ಹೊಳೆಯ ಸೇತುವೆಯ ಮೇಲೆ ಅದಿರಿನ ಲಾರಿಗಳ ಸಾಲೊಂದು ಬಂತು. ಶೆಡ್ಡಿನ ತಗಡೆಲ್ಲ ಗಡಗಡ ನಡುಗಿತು. ಪುಂಡಲೀಕ ಸುತ್ತಿಗೆಯನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದ. ಒಂದಾದ ಮೇಲೊಂದು ಲಾರಿ ದಾಟಿ ಹೋಗುವವರೆಗೂ ಹಾಗೇ ಹಿಡಿದಿದ್ದು, ಕೊನೆಯದರ ಸದ್ದು ಪೂರಾ ಅಡಗಿದ ಮೇಲೆ, ಒಂದು ಏಟು ತಟ್ಟಿ ಕಿವಿಗೊಟ್ಟ.