ಹಲ್ಲು ಬದಲಿಸುವ ಹಣಿಗೆ

ನನಗೆ ಮೊದಲೇ ತಾಳ್ಮೆ ಕಡಿಮೆ. ಅಂದು ಬೆಳಿಗ್ಗೆಯಿಂದ ಬಾಗಿಲಿಗೂ ಅಡುಗೆಮನೆಗೂ ತಿರುಗಿ ತಿರುಗಿ ಕಾಲು ಸೋತಿದ್ದವು. ಕೂಡ್ಲಿಗಿಯ ಹಾಸ್ಟೆಲ್ಲಿನ ವಾರ್ಡನ್ ಗೀತಾಂಜಲಿ ಮೇಡಂ ಮಧ್ಯಾಹ್ನ ಬರುವವರಿದ್ದರು. "ಮುರಿದು ರಿಪೇರಿ ಆದ ಒಂದು ಹಣಿಗಿ ತೋರಿಸ್ರಿ ಸಂಘಮಿತ್ರಾ, ನಮ್ಮ ಹುಡಿಗ್ಯಾರಿಗೆಲ್ಲ ನಿಮ್ಮವೇ ತಗಂತೀವಿ" ಎಂದಿದ್ದರು. ತೋರಿಸದಿದ್ದರೆ ಸೋಮವಾರದಿಂದ ಕೊಟ್ಟೂರಿನ ಬೈಕ್ ಶೋರೂಮಿನ ಅದೇ ಕುರ್ಚಿ. ಹೋದ ತಿಂಗಳು ಬಿಟ್ಟುಬಂದ ಕೆಲಸಕ್ಕೆ ಮತ್ತೆ ಹೋಗಿ ಹಲ್ಲು ಗಿಂಜುವುದು ನನ್ನಿಂದಾಗದು.

ನಾನು ಮಾಡಿದ್ದು ಸಾಮಾನ್ಯ ಹಣಿಗೆಯಲ್ಲ. ಬೆನ್ನು ಬೇವಿನ ಕಟ್ಟಿಗೆಯದು. ಹಲ್ಲುಗಳು ಟಗರಿನ ಕೊಂಬಿನವು, ಒಂದೊಂದೂ ಬಿಡಿ, ದಾರದಿಂದ ಬೆನ್ನಿಗೆ ಬಿಗಿದವು. ಒಂದು ಮುರಿದರೆ ದಾರ ಬಿಚ್ಚಿ, ಅದನ್ನು ಕಿತ್ತು, ಹೊಸದು ಕೂರಿಸಿದರಾಯಿತು. ಪ್ಲಾಸ್ಟಿಕ್ಕಿನದರ ಹಾಗೆ ಒಂದು ಹಲ್ಲಿಗಾಗಿ ಇಡೀ ಹಣಿಗೆ ಎಸೆಯಬೇಕಿಲ್ಲ. ಬೇಸಿಗೆಯಲ್ಲಿ ಕಾನಹೊಸಹಳ್ಳಿಯ ನಮ್ಮ ಓಣಿಯ ಮನೆಮನೆಗೂ ಕೊಟ್ಟು, "ಮುರಿದ್ರ ತಗಂಬರ್ರಿ" ಎಂದು ಹೇಳಿದ್ದೆ. ಮಳೆಗಾಲ ಮುಗಿಯಿತು. ಒಬ್ಬರೂ ತರಲಿಲ್ಲ. ಮುರಿಯುತ್ತಲೇ ಇಲ್ಲವೋ, ಬಳಸುತ್ತಲೇ ಇಲ್ಲವೋ? ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿತ್ತು.

ತಡೆಯಲಾರದೆ ಎದುರುಮನೆಗೆ ಹೋದೆ. ರೋಜಕ್ಕ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು.

"ಅಕ್ಕಾ, ಹಣಿಗಿ ಎಲ್ಲೈತಿ?"

"ಹಲ್ಲು ಮುರೀತವ್ವ. ಒಗದ್ಬಿಟ್ನಿ."

"ಒಗದ್ಯಾ! ನನಗ ಕೊಡು ಅಂದಿದ್ನೆಲ್ಲ!"

"ಹುಚ್ಚಿ ಅದೀ ಏನು? ಮುರಿದ ಹಣಿಗಿ ಮನ್ಯಾಗ ಇಟ್ಕಂತಾರೇನ? ಅನಿಷ್ಟ. ಓಣ್ಯಾಗ ಯಾರನ್ನರ ಕೇಳು."

ಕೇಳಿದೆ. ಎಲ್ಲರ ಬಾಯಲ್ಲೂ ಅದೇ ಮಾತು. ಮೈಯೆಲ್ಲ ಉರಿಯಿತು. ರಿಪೇರಿಗೆಂದೇ ಮಾಡಿದ ವಸ್ತು, ಮುರಿದ ಗಳಿಗೆಯಲ್ಲೇ ಮನೆಯಿಂದ ಹೊರಗೆ! ನನ್ನ ಜಾಣತನ ಊಟಕ್ಕಿಲ್ಲದ ಉಪ್ಪಿನಕಾಯಿಯಾಗಿತ್ತು.

ಉಳಿದದ್ದು ನಮ್ಮದೇ ಮನೆ. ಬುದ್ಧ, ಬಾಬಾಸಾಹೇಬರ ಪಟ ಬಿಟ್ಟರೆ ನಮ್ಮ ಗೋಡೆಯಲ್ಲಿ ಬೇರೇನಿಲ್ಲ. ಬೆಕ್ಕು ಅಡ್ಡ ಬಂತೆಂದು ನಿಂತವರನ್ನು ನಮ್ಮವ್ವ ಪಕ್ಕೀರಮ್ಮ ನಡುಬೀದಿಯಲ್ಲೇ ಬೈಯುತ್ತಾಳೆ. ಆ ಧೈರ್ಯದಿಂದಲೇ ಕೇಳಿದೆ.

"ಯವ್ವಾ, ನಿನ್ನ ಹಣಿಗಿ?"

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಮುರೀತು. ಬೇಲಿ ಆಚೆ ಒಗದೆ."

"ನೀನೂನಾ? ಇವೆಲ್ಲ ಸುಳ್ಳು ಅಂತ ನೀನ ಹೇಳ್ತಿದ್ದಿ!"

"ನನಗಾದ್ರ ಸುಳ್ಳವ್ವ." ಅವಳ ಕೈ ನಿಂತಿತು. "ನೀ ಕೆಲಸ ಬಿಟ್ಟ ದಿನಾನ ಅದು ಮುರೀತು. ನಿನಗೇನರ ಕೇಡಾದೀತು ಅಂತ ಎದಿ ಝಲ್ಲಂತು."

ಬೈಯಲು ಬಾಯಿ ತೆರೆದ ನನಗೆ ಅಳು ಬಂತು. ಅಷ್ಟರಲ್ಲಿ ಹೊರಗೆ ಸ್ಕೂಟಿ ನಿಂತ ಸದ್ದು.

ಹೊಸ ಹಣಿಗೆಯೊಂದರ ಹಲ್ಲು ನಾನೇ ಮುರಿದು ತೋರಿಸಲೇ ಎಂದು ಕೈಗೆತ್ತಿಕೊಂಡೆ, ಮನಸ್ಸು ಒಪ್ಪಲಿಲ್ಲ. ಮೇಡಂ ನೀರು ಕುಡಿಯುವ ಮೊದಲೇ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವರು ಲೋಟ ಕೆಳಗಿಟ್ಟರು. "ಹಂಗಾದ್ರ ನಮ್ಮ ಹುಡಿಗ್ಯಾರೂ ಒಗೀತಾರಲ್ರಿ?"

ಕೈಯಲ್ಲಿದ್ದ ಹಣಿಗೆಯನ್ನು ಕೆಳಗಿಟ್ಟೆ.

ರೊಟ್ಟಿ ಬಿಟ್ಟು ಯಾವಾಗ ಎದ್ದುಹೋಗಿದ್ದಳೋ, ಅವ್ವ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಸೀರೆಯ ಅಂಚಿಗೆ ಜಾಲಿಮುಳ್ಳು ಸಿಕ್ಕಿಕೊಂಡಿತ್ತು. ಕೈಯಲ್ಲಿ ತೊಳೆದ ಹಣಿಗೆ. ನಡುವೆ ಒಂದು ಹಲ್ಲು ಮುರಿದಿತ್ತು. ಮೇಡಂ ಎದುರಿಗೇ ತುರುಬು ಬಿಚ್ಚಿ ನನ್ನ ಮುಂದೆ ಕೂತಳು.

"ಹಲ್ಲು ಹಾಕು. ಇದರಾಗ ಬಾಚು."

ದಾರ ಬಿಚ್ಚಿ ಹೊಸ ಹಲ್ಲು ಕೂರಿಸಿದೆ. ಹಣಿಗೆ ಕೂದಲಿಗೆ ತಾಗಿದ್ದೇ ಅವ್ವ ಗಟ್ಟಿಯಾಗಿ ಕಣ್ಣು ಮುಚ್ಚಿದಳು.

"ಅಮ್ಮಾ, ನಮ್ಮ ಹುಡಿಗ್ಯಾರ ಎದುರಿಗೂ ಹಿಂಗ ಬಂದು ಕೂಡ್ತೀರೇನ್ರಿ?" ಎಂದರು ಮೇಡಂ.

ಅವ್ವನಿಗೆ ಅದು ಕೇಳಿಸಲೇ ಇಲ್ಲ. ಹಿಂದಕ್ಕೆ ಕೈಚಾಚಿ ನನ್ನ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

"ನಿನಗೇನೂ ಆಗಂಗಿಲ್ಲ ಅಲ್ಲನವ್ವಾ?"