ಕಕ್ಕಸಿನ ಚಿಲಕ

“ಮೂಗು ಮುಚ್ಕೋತಾಳೆ ನೋಡು, ಮಹಾರಾಣಿ! ಹುಟ್ಟಿದ್ದೇ ಇದ್ರಲ್ಲಿ, ನಿಂಗೇನಿದು ಹೊಸದಾ?”

ಹಿತ್ತಿಲ ಬಾಗಿಲಲ್ಲಿ ನಿಂತ ಯಜಮಾನಿ ತನ್ನ ಮೂಗಿಗೆ ಮಾತ್ರ ಕರ್ಚೀಫನ್ನು ಒತ್ತಿ ಹಿಡಿದಿದ್ದಳು.

ಕಟ್ಟಿದ ಕಕ್ಕಸು ಬಿಡಿಸಲು ಗಂಡನ ಜೊತೆ ಬಂದವಳು ಮೂಗಿನ ಸೆರಗು ಬಿಟ್ಟು ಬಕೆಟ್ಟನ್ನು ಹತ್ತಿರಕ್ಕೆಳೆದಳು. ಬಾಯಿಗೆ ಬಂದ ಹುಳಿಯನ್ನು ನುಂಗಿಕೊಂಡಳು. ಬಸುರು ಈಗಷ್ಟೇ ಹೊರಗೆ ಕಾಣತೊಡಗಿತ್ತು. ಗಂಡನ ಜೊತೆ ಕೆಲಸಕ್ಕೆ ಬರುತ್ತಿದ್ದವನು ಜ್ವರ ಹಿಡಿದು ಮಲಗಿದ್ದರಿಂದ ಅವಳೇ ಬರಬೇಕಾಗಿತ್ತು. ಗಂಡನ ಕಾಲು ಉದ್ದ. ಕೇರಿಯವರಿಗೆಲ್ಲ ಅವನು ಕೊಕ್ಕರೆ.

ಮನೆಯ ಸಿಂಕು, ಬಚ್ಚಲು, ಕಕ್ಕಸು ಎಲ್ಲವೂ ಬೆಳಗಿನಿಂದ ಹಿಂದಕ್ಕೆ ಉಕ್ಕುತ್ತಿದ್ದವು. ಕೊಕ್ಕರೆ ಹಿತ್ತಿಲ ಕಕ್ಕಸುಗುಂಡಿಯ ಮುಚ್ಚಳ ಸರಿಸಿ ನೋಡಿದ್ದ. ಅದು ತುಂಬಿರಲಿಲ್ಲ. ಗುಂಡಿಗೆ ಹೋಗುವ ಪೈಪೇ ಕಟ್ಟಿಕೊಂಡಿತ್ತು.

“ಗುಂಡಿಗೇ ಇಳಿದು ಆ ಕಡೆಯಿಂದ ಕೀಳೋ,” ಎಂದಳು ಯಜಮಾನಿ.

“ಇಳಿದೋರು ಮೇಲೆ ಬರಲ್ಲಮ್ಮಾ. ಗಾಳಿ ಕೆಟ್ಟದ್ದು. ಇಲ್ಲಿಂದ್ಲೇ ತೆಗೀತೀನಿ.”

“ಎಲ್ಲದಕ್ಕೂ ಒಂದು ನೆಪ. ಮೈಗಳ್ಳ ನನ್ಮಗ.”

ಕೊಕ್ಕರೆ ಮಂಡಿಯೂರಿ ಹಿತ್ತಿಲ ಪೈಪಿನ ಬಾಯಿಗೆ ಕೊಕ್ಕೆಯ ಸರಳನ್ನು ತುರುಕಿ, ತಿರುವಿ, ಎಳೆದ. ಕೊಕ್ಕೆಗೆ ಸಿಕ್ಕಿ ಬಂದದ್ದು ಸತ್ತ ಪ್ರಾಣಿಯ ಹಾಗೆ ಜೋತಾಡಿತು. ಮೇಣದಂತೆ ಹೆಪ್ಪುಗಟ್ಟಿದ ಜಿಡ್ಡು, ಅದರೊಳಗೆ ಹೆಣೆದುಕೊಂಡ ಕೂದಲು, ಮುಖ ಒರೆಸಿ ಎಸೆದ ಬಟ್ಟೆ, ನೀರು ಕುಡಿದು ಊದಿದ ಪ್ಯಾಡುಗಳು, ಹೇಲು. ಅವಳು ಅದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಬಕೆಟ್ಟಿಗೆ ತುಂಬಿದಳು.

“ಅಯ್ಯೋ! ಇದೆಲ್ಲ ನಮ್ಮನೇದಲ್ಲ.”

“ಹೌದಮ್ಮಾ, ಪಕ್ಕದ್ಮನೆಯವರು ಬಂದು ಕೂತು ಹೋಗಿರ್ಬೇಕು,” ಎಂದಳು ಅವಳು.

“ಬಾಯಿ ಮುಚ್ಚೇ!” ಎಂದು ಕೊಕ್ಕರೆಯೇ ಗದರಿದ.

ಕುಕ್ಕರಗಾಲಲ್ಲಿ ಕೂತು ಕೂತು ಅವಳ ಕಿಬ್ಬೊಟ್ಟೆ ಬಿಗಿಯಿತು. ಎರಡು ಮನೆ ಮುಗಿಸಿ ಬಂದದ್ದು. ಉಚ್ಚೆಗೆ ಹೋಗಲು ಎಲ್ಲಿಯೂ ಕೇಳುವ ಧೈರ್ಯವಾಗಿರಲಿಲ್ಲ. ಈಗ ತಡೆಯಲಾಗಲಿಲ್ಲ.

“ಅಮ್ಮಾ, ಒಂದ್ಗಳಿಗೆ ಕಕ್ಕಸಿಗೆ ಹೋಗ್ಬೇಕಿತ್ತು.”

“ಯಾರು? ನೀನಾ? ನಮ್ಮ ಕಕ್ಕಸಿಗಾ? ಥೂ! ಕಾಂಪೌಂಡ್ ಆಚೆ ಹೋಗು. ನಿಮ್ಗೆಲ್ಲ ಬಯಲೇ ಅಭ್ಯಾಸ.”

“ಅಲ್ಲಿ ಗ್ಯಾರೇಜಿನ ಗಂಡಸ್ರು ನಿಂತಿದಾರೆ.”

“ಹಂಗಾದ್ರೆ ಬಿಗಿ ಹಿಡ್ಕೋ. ಹೊಟ್ಟೆ ತುಂಬಿಸ್ಕೊಂಡ ಮುಂಡೆ ಮನೇಲಿ ಬಿದ್ದಿರ್ಬೇಕಪ್ಪಾ.”

ಅವಳು ಗಂಡನ ಕಡೆ ನೋಡಿದಳು. ಅವನು ತಲೆಯೆತ್ತಲಿಲ್ಲ. “ಮುಗೀತಾ ಬಂತು. ತಡ್ಕೋ,” ಎಂದ.

ತೊಡೆಯ ಮೇಲೆ ಬಿಸಿ ಹನಿಯೊಂದು ಇಳಿಯಿತು. ಬಾಗಿಲಲ್ಲಿ ಆ ಕರ್ಚೀಫು ಇನ್ನೂ ಯಜಮಾನಿಯ ಮೂಗಿನ ಮೇಲೇ ಇತ್ತು. ಅವಳು ಬಕೆಟ್ಟನ್ನು ಅಲ್ಲೇ ಕುಕ್ಕಿ ಎದ್ದಳು.

“ನಿನ್ ಹೇಲು ನನ್ ಕೈಲಿರ್ಬೋದು. ನನ್ ಉಚ್ಚೆ ನಿನ್ ಮನೇಲಿರ್ಬಾರ್ದಾ?”

ಯಜಮಾನಿ ಅಡ್ಡ ಬಂದಳು. ಅವಳು ಹೇಲು ಮೆತ್ತಿದ ಕೈ ಮುಂದೆ ಚಾಚಿದ್ದೇ ತಡ, ದಾರಿ ತಾನಾಗಿ ತೆರೆಯಿತು. ಬಿಳಿ ನೆಲದ ಮೇಲೆ ಕಪ್ಪು ಹೆಜ್ಜೆಗಳು ಬಿದ್ದವು. ಸೋಫಾದಲ್ಲಿದ್ದ ಯಜಮಾನಿಯ ಮಗರಾಯ ಫೋನು ಬಿಟ್ಟು ಎರಡೂ ಕಾಲು ಮೇಲಕ್ಕೆಳೆದುಕೊಂಡ. ಕಕ್ಕಸಿನ ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಬಿತ್ತು.

“ಬಾರೇ ಹೊರಗೆ, ಸೂಳೆ! ಪೊಲೀಸ್ ಕರೀತೀನಿ!” ಯಜಮಾನಿ ಬಾಗಿಲು ಗುದ್ದಿದಳು. ಹಿತ್ತಿಲಿಗೆ ಓಡಿ ಬಂದಳು. “ಏಯ್, ಎಳ್ಕೊಂಡ್ ಬಾರೋ ನಿನ್ ಹೆಂಡ್ತೀನ!”

ಕೊಕ್ಕರೆ ಎದ್ದು ನಿಂತ. ಲಂಗೋಟಿಯ ಕೆಳಗೆ ಅವನ ಉದ್ದನೆಯ ಕಾಲುಗಳಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಒಳಗಿನ ಬಿಳಿ ನೆಲ ನೋಡಿದ, ಅವಳ ಹೆಜ್ಜೆ ನೋಡಿದ.

“ನಾನೂ ಒಳಗ್ ಬರ್ಲಾ ಅಮ್ಮಾ?”

ಯಜಮಾನಿ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು.

ಒಳಗೆ ನೀರು ಬಿಟ್ಟ ಸದ್ದಾಯಿತು. ಕೊಕ್ಕರೆಯ ಕಾಲ ಬುಡದ ಪೈಪು ಗೊಳಗೊಳ ಎಂದು ಹರಿಯಿತು. ಆದರೂ ಚಿಲಕ ತೆಗೆಯಲಿಲ್ಲ. ಈಗ ನಲ್ಲಿಯ ಸದ್ದು. ಆ ಮನೆಯ ಸುವಾಸನೆಯ ಸೋಪು ಹಚ್ಚಿ ಅವಳು ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಳ್ಳುತ್ತಿದ್ದಳು.